ಹಿಂಬಾಕಿ ದುಡ್ಡಿನ ಗ್ರೈಂಡರ್: ಬಿಚ್ಚಿ ಮತ್ತೆ ಜೋಡಿಸಿದ ಬಗೆ

ಯಂತ್ರ: ಕೊಯಮತ್ತೂರಿನಲ್ಲಿ ತಯಾರಾದ ಎರಡು ಲೀಟರಿನ ವೆಟ್ ಗ್ರೈಂಡರ್. ಬಗ್ಗಿಸಿ ಹಿಟ್ಟು ಸುರಿದುಕೊಳ್ಳುವ ಹಳೇ ಮಾದರಿ. ಕಲ್ಲಿನ ಒರಳು, ಒಂದೇ ಗುಂಡು, ಕೆಳಗೆ ಕಾಲು ಎಚ್‌ಪಿ ಮೋಟರ್, ನಡುವೆ ಬೆಲ್ಟು.

ತೊಂದರೆ: ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಒರಳನ್ನು ಕೈಯಲ್ಲಿ ತುಸು ತಳ್ಳಿಕೊಟ್ಟರೆ ಹೊರಡುತ್ತದೆ. ಹೊರಟ ಮೇಲೆ ಒಳಗಿನಿಂದ ಕರಕರ ಸದ್ದು. ಉದ್ದು ನುಣ್ಣಗಾಗಲು ಮೊದಲಿನ ಎರಡರಷ್ಟು ಹೊತ್ತು ಹಿಡಿಯುತ್ತದೆ.

ಅಂಗಡಿಯವರು ಹೊಸದನ್ನೇ ತಗೊಳ್ಳಿ ಅಂದರು. ಹೊಸ ಟೇಬಲ್ ಟಾಪ್ ಗ್ರೈಂಡರುಗಳ ಬಗ್ಗೆ ನನಗೆ ದೂರಿಲ್ಲ, ಚಿಕ್ಕ ಸಂಸಾರಕ್ಕೆ ಅವೇ ಅನುಕೂಲ. ಆದರೆ ಈ ಯಂತ್ರದಲ್ಲಿ ಹಾಳಾಗುವ ಪ್ರತಿಯೊಂದು ಭಾಗವೂ ಇವತ್ತಿಗೂ ಪೇಟೆಯಲ್ಲಿ ಬಿಡಿಯಾಗಿ ಸಿಗುತ್ತದೆ: ಬೆಲ್ಟು, ಬೇರಿಂಗು, ಆಯಿಲ್ ಸೀಲು, ಕಂಡೆನ್ಸರು. ಹಾಳಾಗದ ಭಾಗ ಕಲ್ಲು. ಹೀಗಿರುವಾಗ ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ.

ಇನ್ನೊಂದು ಕಾರಣವೂ ಇದೆ. ಇದು ನಾನು ಸಂಬಳದ ಹಿಂಬಾಕಿಯಲ್ಲಿ ಕೊಂಡ ಮೊದಲ ದೊಡ್ಡ ವಸ್ತು. 1986ರ ಯುಜಿಸಿ ವೇತನಶ್ರೇಣಿಯಲ್ಲಿ ಉಪನ್ಯಾಸಕರಿಗೆ 2,200ರಿಂದ 4,000 ರೂಪಾಯಿ ಅಂತ ನಿಗದಿಯಾಗಿತ್ತು. ಅದಕ್ಕಾಗಿ 1987ರಲ್ಲಿ ದೇಶದಾದ್ಯಂತ ಕಾಲೇಜು, ವಿಶ್ವವಿದ್ಯಾನಿಲಯಗಳ ಅಧ್ಯಾಪಕರು ಮುಷ್ಕರ ಹೂಡಿದ್ದರು. ಭೌತಶಾಸ್ತ್ರ ವಿಭಾಗಕ್ಕೆ ಹೊಸದಾಗಿ ಸೇರಿದ್ದ ನಾನೂ ಧರಣಿಯಲ್ಲಿ ಕೂತವಳು. ಹಿಂಬಾಕಿ ಕೈಗೆ ಬಂದಾಗ ಅತ್ತೆಯವರನ್ನು ಕೇಳಿದೆ, "ಏನು ತಗೊಳ್ಳೋಣ?" "ನನ್ನ ರಟ್ಟೆಗೆ ಬಿಡುವು ಕೊಡಿಸು ಮಗಳೇ" ಅಂದರು. ಅಲ್ಲಿವರೆಗೆ ಮನೆಯ ಹಿಟ್ಟೆಲ್ಲ ಹಿತ್ತಲ ಒರಳುಕಲ್ಲಿನಲ್ಲಿ, ಅವರ ಕೈಯಲ್ಲೇ.

ಮೊದಲು ಕಂಡೆನ್ಸರ್

ಗುಂಯ್ ಎಂದು ನಿಂತು, ತಳ್ಳಿದರೆ ಓಡುವ ಮೋಟರ್ ಕಂಡರೆ ಮೊದಲು ಕಂಡೆನ್ಸರ್ ನೋಡಬೇಕು. ಸಿಂಗಲ್ ಫೇಸ್ ಮೋಟರಿನ ಒಂದೇ ಸುರುಳಿಯಲ್ಲಿ ಕರೆಂಟು ಹರಿದರೆ ಹುಟ್ಟುವ ಕಾಂತಕ್ಷೇತ್ರ ಸುತ್ತುವುದಿಲ್ಲ, ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಆಡುತ್ತದೆ. ಒಳಗೆ ತಿರುಗುವ ಭಾಗವಾದ ರೋಟರಿಗೆ ಎರಡೂ ದಿಕ್ಕಿನಿಂದ ಸಮನಾದ ಎಳೆತ, ಹಾಗಾಗಿ ಅದು ನಿಂತಲ್ಲೇ ನಡುಗುತ್ತದೆ. ಎರಡನೆಯ ಸುರುಳಿಯೊಂದನ್ನು ಕೂರಿಸಿ, ಕಂಡೆನ್ಸರ್ ಮೂಲಕ ಅದರ ಕರೆಂಟಿನ ಫೇಸ್, ಅಂದರೆ ಏರಿಳಿತದ ಹೊತ್ತು, ಸರಿಸಿದಾಗಷ್ಟೇ ಕ್ಷೇತ್ರ ಸುತ್ತತೊಡಗುತ್ತದೆ. ಕೈಯಲ್ಲಿ ತಳ್ಳಿದಾಗ ನಾವು ಮಾಡುವುದು ಇಷ್ಟೇ, ಒಂದು ದಿಕ್ಕಿನ ಪಕ್ಷ ವಹಿಸುತ್ತೇವೆ. ಎಡಕ್ಕೆ ತಳ್ಳಿದರೆ ಎಡಕ್ಕೂ ಓಡುತ್ತದೆ. ಬಿ.ಎಸ್ಸಿ. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುವುದಕ್ಕಿಂತ ಒಂದು ಹಳೇ ಫ್ಯಾನ್ ತಂದು ತೋರಿಸಿದಾಗ ಮಕ್ಕಳ ಕಣ್ಣು ಅರಳುತ್ತಿತ್ತು.

ಪ್ಲಗ್ ಕಿತ್ತೆ. ಕಂಡೆನ್ಸರಿನ ಎರಡು ತುದಿಗೆ ಹೋಲ್ಡರಿನಲ್ಲಿದ್ದ ಬಲ್ಬಿನ ತಂತಿ ಮುಟ್ಟಿಸಿ, ಒಳಗೆ ಉಳಿದ ಚಾರ್ಜ್ ಇಳಿಸಿದೆ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಿ ಕಿಡಿ ಹಾರಿಸುವ ರೂಢಿ ಬೇಡ. ಅದರಿಂದ ಕೈಗೂ ಕಂಡೆನ್ಸರಿಗೂ ಏಟು. ಮೈಮೇಲೆ 10 ಎಂಎಫ್‌ಡಿ (ಮೈಕ್ರೋಫ್ಯಾರಡ್, ಚಾರ್ಜ್ ಹಿಡಿಯುವ ಅಳತೆ), 440 ವೋಲ್ಟ್ ಅಂತ ಅಚ್ಚಾಗಿತ್ತು. ಮೀಟರು ತೋರಿಸಿದ್ದು ನಾಲ್ಕಕ್ಕೆ ತುಸು ಹೆಚ್ಚು. ಒಳಗಿನ ತೆಳು ಲೋಹದ ಲೇಪ ವರ್ಷಗಟ್ಟಲೆ ಸುಟ್ಟು ಸವೆದಿತ್ತು. ಅದೇ ಅಳತೆಯ ಹೊಸದನ್ನು ತಂದು ಹಾಕಿದೆ. ಇಲ್ಲಿ "ಸ್ವಲ್ಪ ದೊಡ್ಡದಿರಲಿ, ಜೋರಾಗಿ ಓಡುತ್ತೆ" ಅನ್ನುವವರ ಮಾತು ಕೇಳಬಾರದು. ಹೆಚ್ಚು ಹಾಕಿದರೆ ಎರಡನೆಯ ಸುರುಳಿಯಲ್ಲಿ ಹೆಚ್ಚು ಕರೆಂಟು ಹರಿದು ಕಾಯುತ್ತದೆ.

ಖಾಲಿ ಒರಳು ಸ್ವಿಚ್ ಹಾಕಿದ ತಕ್ಷಣ ಹೊರಟಿತು. ಕರಕರ ಸದ್ದು ಹಾಗೇ ಇತ್ತು.

ಬೆಲ್ಟು, ಮತ್ತು ವರ್ಕ್‌ಶಾಪು

ಕೆಳಗಿನ ತಗಡು ಬಿಚ್ಚಿದರೆ ಬೆಲ್ಟಿನ ಒಳಮೈಯೆಲ್ಲ ಬಿರುಕು, ಪಕ್ಕಗಳು ಹೊಳಪೇರಿ ನುಣುಪಾಗಿವೆ. ವಿ-ಬೆಲ್ಟು ಹಿಡಿಯುವುದು ಪಕ್ಕಗಳಿಂದಲೇ ಹೊರತು ತಳದಿಂದಲ್ಲ. ಪಕ್ಕ ಹೊಳೆಯುತ್ತಿದ್ದರೆ ಜಾರುತ್ತಿದೆ ಎಂದೇ ಅರ್ಥ. ಉದ್ದು ನುಣ್ಣಗಾಗಲು ತಡವಾಗುತ್ತಿದ್ದುದಕ್ಕೆ ಅರ್ಧ ಕಾರಣ ಇಲ್ಲಿ ಸಿಕ್ಕಿತು.

ಮೋಟರಿನ ತಗಡಿನ ಮೇಲೆ ನಿಮಿಷಕ್ಕೆ 1,440 ಸುತ್ತು ಅಂತಿದೆ. ಮೋಟರಿನ ಪುಲ್ಲಿ ಒಂದೂವರೆ ಇಂಚು, ಒರಳಿನ ಕೆಳಗಿನದು ಹನ್ನೆರಡು ಇಂಚು. ಅಂದರೆ ಒರಳು ತಿರುಗುವುದು ನಿಮಿಷಕ್ಕೆ ಸುಮಾರು 180 ಸುತ್ತು. ವೇಗ ಎಂಟರಲ್ಲೊಂದು ಪಾಲಾದಾಗ ತಿರುಚುವ ಬಲ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಗಟ್ಟಿ ಹಿಟ್ಟಿನಲ್ಲಿ ಕಲ್ಲು ನಿಲ್ಲದೆ ಓಡುವುದು ಈ ಲೆಕ್ಕದಿಂದ.

ಬೆಲ್ಟಿನ ವಿಷಯ ನನಗೆ ಕಲಿಸಿದ್ದು ಪುಸ್ತಕವಲ್ಲ, ನಮ್ಮ ವಿಭಾಗದ ವರ್ಕ್‌ಶಾಪು. ನಿರ್ವಾತ ಪ್ರಯೋಗಗಳಿಗೆ ನಮ್ಮಲ್ಲಿ ಬೆಲ್ಟಿನಿಂದ ಓಡುವ ರೋಟರಿ ಪಂಪುಗಳಿದ್ದವು. ಪಂಪು ನಿಂತರೆ ಸಂಶೋಧನಾ ವಿದ್ಯಾರ್ಥಿಗಳ ತಿಂಗಳುಗಳ ಕೆಲಸ ನಿಂತಂತೆ. ಅದನ್ನು ಓಡಿಸುತ್ತಿದ್ದವರು ನಾವೆಲ್ಲ ಮೇಸ್ತ್ರಿ ಎಂದು ಕರೆಯುತ್ತಿದ್ದವರು. ದಾಖಲೆಯಲ್ಲಿ ಅವರು ದಿನಗೂಲಿ ಹೆಲ್ಪರ್. ನಿಜವಾದ ಮೆಕ್ಯಾನಿಕ್ ನಿವೃತ್ತರಾದ ಮೇಲೆ ಆ ಹುದ್ದೆ ತುಂಬಲಿಲ್ಲ. ಲೇತು, ಡ್ರಿಲ್ಲಿಂಗ್, ಗಾಜು ಊದುವ ಮೇಜು, ಪಂಪುಗಳು, ಎಲ್ಲ ಇವರ ತಲೆಗೆ ಬಂತು. ನಾನು ಸೀರೆ ಸೆರಗು ಸಿಕ್ಕಿಸಿ ಅವರ ಪಕ್ಕ ನಿಂತು ಕಲಿತೆ. ಪ್ರೊಫೆಸರೊಬ್ಬರು ಬಾಗಿಲಲ್ಲಿ ನಿಂತು "ಇದೆಲ್ಲ ನಿಮ್ಮ ಕೆಲಸವಲ್ಲಮ್ಮ" ಅಂದಿದ್ದರು. ಅದು ನನ್ನ ಕೆಲಸವೇ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಈ ವರ್ಕ್‌ಶಾಪಿನ ಸುತ್ತಲೇ ನಾನು ಕಂಡ ಅತಿ ಕಹಿಯಾದ ಕ್ಯಾಂಪಸ್ ರಾಜಕೀಯ ನಡೆದದ್ದು. ಹೊರಗಿನವರಿಗೆ ಕ್ಯಾಂಪಸ್ ರಾಜಕೀಯ ಎಂದರೆ ಕುಲಪತಿ ನೇಮಕ, ಸಿಂಡಿಕೇಟ್ ನಾಮನಿರ್ದೇಶನ, ಯಾರು ಯಾವ ಮಂತ್ರಿಯ ಕಡೆಯವರು ಎಂಬುದು. ಅದೆಲ್ಲ ಇತ್ತು. ವಿದ್ಯಾರ್ಥಿ ಸಂಘಗಳ ಚುನಾವಣೆ ರಾಜ್ಯದಲ್ಲಿ 1989-90ರ ಹೊತ್ತಿಗೆ ನಿಂತಿತು. 1976ರ ವಿಶ್ವವಿದ್ಯಾನಿಲಯ ಕಾಯ್ದೆಯ ಕಾಲದ ಸೆನೆಟ್ 2000ದ ಹೊಸ ಕಾಯ್ದೆ ಬಂದಾಗ ಇಲ್ಲವಾಯಿತು. ಪ್ರಶ್ನೆ ಕೇಳುವ ಜಾಗಗಳು ಒಂದೊಂದೇ ಕಡಿಮೆಯಾದವು. ಉಳಿದದ್ದು ವಿಭಾಗದ ಸಭೆ. ಅಲ್ಲಿ ಒಂದು ದಿನ ಕಾರ್ಯಸೂಚಿಯ ಕೊನೆಯ ಸಾಲಿನಲ್ಲಿ "ಇತರ ವಿಷಯ" ಎಂಬುದರಡಿ ವರ್ಕ್‌ಶಾಪು ಮುಚ್ಚುವ ಪ್ರಸ್ತಾವ ಬಂತು. ಯಂತ್ರಗಳ ನಿರ್ವಹಣೆ ಹೊರಗುತ್ತಿಗೆಗೆ, ಕೋಣೆ ಕಂಪ್ಯೂಟರ್ ಲ್ಯಾಬಿಗೆ. ನಾನು ಲೆಕ್ಕ ಬರೆದುಕೊಂಡು ಹೋಗಿ ಓದಿದೆ: ಯಾವ ಪಂಪು ಎಷ್ಟು ಸಲ ಕೆಟ್ಟಿತು, ಇಲ್ಲೇ ಸರಿಮಾಡಿದ ಖರ್ಚೆಷ್ಟು, ಹೊರಗಿನವರು ಕೇಳುವುದೆಷ್ಟು. ಯಾರೂ ಅಂಕಿಗಳನ್ನು ಅಲ್ಲಗಳೆಯಲಿಲ್ಲ. ಕೈ ಎತ್ತಿದಾಗ ನನ್ನ ಜೊತೆ ಇದ್ದವರು ಇಬ್ಬರು.

ಮೇಸ್ತ್ರಿಗಳನ್ನು ಖಾಯಂ ಮಾಡಿಸಲು ಅರ್ಜಿ ಮೇಲೆ ಅರ್ಜಿ ಹಾಕಿದ್ದೆವು. 2006ರ ಏಪ್ರಿಲ್‌ನಲ್ಲಿ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ತೀರ್ಪು ಬಂತು. ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ತಾತ್ಕಾಲಿಕ ನೌಕರರಿಂದ ಶುರುವಾದ ಆ ಮೊಕದ್ದಮೆ ದೇಶದ ಎಲ್ಲ ದಿನಗೂಲಿಗಳ ಹಣೆಬರಹ ಬದಲಿಸಿತು. ನಿಯಮದಂತೆ ನೇಮಕವಾಗದವರನ್ನು ಖಾಯಂ ಮಾಡುವಂತಿಲ್ಲ. ಕೋರ್ಟಿನ ಆದೇಶದ ಆಸರೆಯಿಲ್ಲದೆ, ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಮಾತ್ರ ಒಂದು ಸಲದ ವಿನಾಯಿತಿ. ಮೇಸ್ತ್ರಿಗಳು ಹತ್ತು ವರ್ಷಕ್ಕಿಂತ ಎಷ್ಟೋ ಹೆಚ್ಚು ದುಡಿದಿದ್ದರು. ಆದರೆ ಹೆಲ್ಪರ್ ಎಂಬ ಹುದ್ದೆ ಮಂಜೂರೇ ಆಗಿರಲಿಲ್ಲವೆಂದು ಕಡತ ಹಿಂದಕ್ಕೆ ಬಂತು. ವೇತನಶ್ರೇಣಿಗಾಗಿ ತರಗತಿ ಬಿಟ್ಟು ಬೀದಿಗಿಳಿದಿದ್ದ ಅಧ್ಯಾಪಕರ ಸಂಘ ಈ ಕಡತಕ್ಕಾಗಿ ಒಂದು ದಿನವೂ ಬೀದಿಗಿಳಿಯಲಿಲ್ಲ. ನನ್ನ ವೃತ್ತಿಯನ್ನು ತಿರುಗಿ ನೋಡಿದಾಗ ಬೇರೆ ಯಾವ ಸೋಲೂ ನನ್ನನ್ನು ಇಷ್ಟು ಕಾಡುವುದಿಲ್ಲ.

ಮೇಸ್ತ್ರಿಗಳು ಈಗ ಬನ್ನಿಮಂಟಪದ ಕಡೆ ತಮ್ಮ ಅಕ್ಕನ ಮಗನ ಲೇತ್ ಅಂಗಡಿಯಲ್ಲಿ ಕೂರುತ್ತಾರೆ. ಫೋನ್ ಮಾಡಿದೆ.

"ಬೆಲ್ಟ್ ನಂಬರ್ ಏನೈತೆ ಮೇಡಂ?"

"ಎ-42."

"ಹಾಕೋ ಮುಂಚೆ ದಾರ ಹಿಡ್ದು ನೋಡಿದ್ರಾ?"

"ನೋಡಿದೆ ಮೇಸ್ತ್ರಿಗಳೇ. ಮೋಟರ್ ಪುಲ್ಲಿ ಒಂದು ನೂಲು ಒಳಗಿದೆ."

"ಅದ್ನ ಸರಿಮಾಡ್ದೆ ಹೊಸ ಬೆಲ್ಟ್ ಹಾಕ್ಬೇಡಿ. ತಿಂದ್ಹಾಕ್ಬಿಡ್ತದೆ."

ದೊಡ್ಡ ಪುಲ್ಲಿಯ ಮುಖಕ್ಕೆ ದಾರ ಬಿಗಿಹಿಡಿದು ಚಿಕ್ಕ ಪುಲ್ಲಿಯ ಮುಖದವರೆಗೆ ಎಳೆದರೆ, ಎರಡೂ ಕಡೆ ದಾರ ಒಂದೇ ಹದದಲ್ಲಿ ತಾಗಬೇಕು. ಮೋಟರ್ ಪುಲ್ಲಿಯ ಗ್ರಬ್ ಸ್ಕ್ರೂ ಸಡಿಲಿಸಿ ಒಂದು ನೂಲು ಹೊರಗೆ ಸರಿಸಿದೆ. ಬಿಗಿಗೆ ಮೇಸ್ತ್ರಿಗಳ ಸೂತ್ರ: ಎರಡು ಪುಲ್ಲಿ ನಡುವೆ ಬೆಲ್ಟು ಎಂಟು ಇಂಚು ಇದ್ದರೆ, ಮಧ್ಯದಲ್ಲಿ ಬೆರಳೊತ್ತಿದಾಗ ಒಂದು ನೂಲು ತಗ್ಗಬೇಕು. ನೂಲೆಂದರೆ ಇಂಚಿನ ಎಂಟನೆಯ ಒಂದು ಭಾಗ. ಇಂಜಿನಿಯರಿಂಗ್ ಕೈಪಿಡಿಗಳಲ್ಲಿ ನಡುವಿನ ಪ್ರತಿ ಇಂಚಿಗೆ ಇಂಚಿನ ಅರವತ್ತನಾಲ್ಕನೆಯ ಒಂದು ಭಾಗ ತಗ್ಗಬೇಕು ಎಂದಿರುವುದೂ ಇದನ್ನೇ. ಅವರು ಯಾವ ಕೈಪಿಡಿಯನ್ನೂ ಓದಿರಲಿಲ್ಲ.

ಬೇರಿಂಗು

ಇದು ಕಷ್ಟದ ಭಾಗ. ಒರಳನ್ನು ಎತ್ತಲು ಪಕ್ಕದ ಮನೆಯ ಹುಡುಗ ಕೈಕೊಟ್ಟ. ದೊಡ್ಡ ಪುಲ್ಲಿ ಬಿಡಿಸಿ ಅಕ್ಷದಂಡ ಹೊರತೆಗೆದರೆ ಮೇಲಿನ ಬೇರಿಂಗಿನಿಂದ ಗ್ರೀಸಿನ ಬದಲು ಕೆಂಪು ತುಕ್ಕಿನ ಪುಡಿ ಉದುರಿತು. ಕಾರಣ ಸ್ಪಷ್ಟ. ತೊಳೆಯುವಾಗ ಒರಳಿನ ಹೊರಮೈಯಿಂದ ಇಳಿಯುವ ನೀರನ್ನು ತಡೆಯಬೇಕಿದ್ದ ಆಯಿಲ್ ಸೀಲಿನ ತುಟಿ ಗಟ್ಟಿಯಾಗಿ ಸೀಳಿತ್ತು.

ಬೇರಿಂಗ್ ನಂಬರ್ 6204: ಒಳವ್ಯಾಸ 20 ಮಿ.ಮೀ., ಹೊರವ್ಯಾಸ 47, ದಪ್ಪ 14. ಅಂಗಡಿಯಲ್ಲಿ ಬರೀ 6204 ಅಂದರೆ ಎರಡು ಕಡೆ ತಗಡಿನ ಮುಚ್ಚಳ ಇರುವುದನ್ನು ಕೊಡುವುದುಂಟು. ಅಡುಗೆಮನೆಯ ಯಂತ್ರಕ್ಕೆ ಎರಡೂ ಕಡೆ ರಬ್ಬರ್ ಸೀಲ್ ಇರುವ 2ಆರ್‌ಎಸ್ ಬೇಕೆಂದು ಕೇಳಿ ತಗೊಳ್ಳಿ. ತಗಡು ಧೂಳು ತಡೆಯುತ್ತದೆ, ನೀರು ತಡೆಯದು.

ಕೂರಿಸುವಾಗ ಒಂದೇ ನಿಯಮ, ಏಟು ಗುಂಡುಗಳ ಮೂಲಕ ಹಾಯಬಾರದು. ದಂಡಕ್ಕೆ ಹಾಕುವಾಗ ಒಳಬಳೆಯ ಮೇಲೆ ಒತ್ತಬೇಕು, ಗೂಡಿಗೆ ಕೂರಿಸುವಾಗ ಹೊರಬಳೆಯ ಮೇಲೆ. ಹೊರಬಳೆಗೆ ಹಳೇ ಬೇರಿಂಗನ್ನೇ ಮೇಲಿಟ್ಟು ಮೆಲ್ಲಗೆ ತಟ್ಟಿದೆ. ಒಳಬಳೆಗೆ ಒಂದು ತುಂಡು ಪೈಪು.

ದಂಡದ ಮೇಲೆ ಹಳೇ ಸೀಲಿನ ತುಟಿ ಉಜ್ಜಿ ಉಜ್ಜಿ ತೆಳ್ಳನೆಯ ಗೀರು ಕೊರೆದಿತ್ತು. ಹೊಸ ಸೀಲನ್ನು ಅದೇ ಜಾಗಕ್ಕೆ ಕೂರಿಸಿದರೆ ಅದೂ ಸೋರುತ್ತದೆ. ದಂಡ ಬದಲಿಸುವ ಅಗತ್ಯವಿಲ್ಲ. ಸೀಲನ್ನು ಗೂಡಿನ ತಳದವರೆಗೆ ತಳ್ಳದೆ ತುಸು ಮೇಲೆ ನಿಲ್ಲಿಸಿದರೆ ತುಟಿಗೆ ಸವೆಯದ ಲೋಹ ಸಿಗುತ್ತದೆ. ಸ್ಪ್ರಿಂಗ್ ಇರುವ ಮುಖ ನೀರು ಬರುವ ಕಡೆಗೆ, ಅಂದರೆ ಮೇಲಕ್ಕೆ. ತುಟಿಗೆ ಒಂದಿಷ್ಟು ಗ್ರೀಸು. ಈ ಉಪಾಯವೂ ವರ್ಕ್‌ಶಾಪಿನ ಪಂಪಿನ ಮೇಲೆ ಕಲಿತದ್ದೇ.

ಕರೆಂಟು ಸೋರುತ್ತಿದೆಯೇ

ನೀರಿನ ಕೈಯಲ್ಲಿ ಮುಟ್ಟುವ ಯಂತ್ರ, ಇದನ್ನು ಬಿಡುವಂತಿಲ್ಲ. ಪರಿಚಯದ ಎಲೆಕ್ಟ್ರಿಷಿಯನ್ನರಿಂದ 500 ವೋಲ್ಟಿನ ಮೆಗ್ಗರ್ (ಕರೆಂಟು ಸೋರದಂತೆ ತಡೆಯುವ ಹೊದಿಕೆಯ ಗಟ್ಟಿತನ ಅಳೆಯುವ ಮೀಟರು) ತಂದು ಸುರುಳಿ ಮತ್ತು ಮೈ ನಡುವೆ ಅಳೆದೆ. ಒಂದು ಮೆಗಾಓಮಿಗಿಂತ ಕೆಳಗೆ ತೋರಿಸಿತು, ಒಳಗೆ ತೇವ. ಮೋಟರಿನ ಪಕ್ಕ 100 ವಾಟಿನ ಬಲ್ಬು ಉರಿಸಿ ರಾತ್ರಿಯಿಡೀ ಒಣಗಲು ಬಿಟ್ಟ ಮೇಲೆ ಇಪ್ಪತ್ತು ದಾಟಿತು. ಅರ್ತ್ ತಂತಿಯನ್ನು ಬಣ್ಣದ ಮೇಲೆ ಸಿಕ್ಕಿಸಿದ್ದರು. ಬಣ್ಣ ಕೆರೆದು ಬರಿ ಲೋಹಕ್ಕೆ ನಕ್ಷತ್ರ ವಾಷರ್ ಹಾಕಿ ಬಿಗಿದೆ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದ ಕೂಡಲೇ ತಾನೇ ಲೈನು ಕಡಿಯುವ ಸ್ವಿಚ್, ಇರಲೇಬೇಕು. ಇಲ್ಲದವರು ಬೇರೆ ಖರ್ಚು ನಿಲ್ಲಿಸಿ ಅದನ್ನು ಹಾಕಿಸಿ.

ಕಲ್ಲು

ಯಂತ್ರ ಸದ್ದಿಲ್ಲದೆ ಓಡಿತು. ಆದರೂ ಉದ್ದು ತಡ. ಒರಳಿನೊಳಗೆ ಅಂಗೈ ಆಡಿಸಿದರೆ ಎಲ್ಲೂ ತರಿಯೇ ಇಲ್ಲ. ಕಲ್ಲು ಕುಟ್ಟುವವರು ಮೊದಲು ಬೀದಿಯಲ್ಲೇ ಕೂಗುತ್ತ ಬರುತ್ತಿದ್ದರು, ಈಗ ಹುಡುಕಿಕೊಂಡು ಹೋಗಬೇಕು. ಮಾರುಕಟ್ಟೆಯ ಹೂವಿನವರು ಹೇಳಿ ಕಳಿಸಿದ ಒಬ್ಬ ಅಕ್ಕ ಬಂದರು. ಒರಳನ್ನು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದರು, ಸೀಳಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. "ಕಲ್ಲು ಒಳ್ಳೇದೈತೆ ಕಣವ್ವಾ, ಗಾಜಾಗ್ಬಿಟ್ಟೈತೆ ಅಷ್ಟೇಯ" ಅಂದರು.

ಚಾಣ ಮತ್ತು ಚಿಕ್ಕ ಸುತ್ತಿಗೆ. ತಳದಿಂದ ಶುರುಮಾಡಿ ಸುತ್ತು ಸುತ್ತಾಗಿ ಮೇಲಕ್ಕೆ, ಒಂದು ಚುಕ್ಕಿಗೂ ಇನ್ನೊಂದಕ್ಕೂ ಒಂದು ಉದ್ದಿನ ಕಾಳಿನಷ್ಟು ಬಿಡುವು. ಆಳ ಕಡಿಮೆ. ಆಳ ಹೊಡೆದರೆ ಕಾಳು ಗುಣಿಯಲ್ಲೇ ಕೂತು ರುಬ್ಬಿಸಿಕೊಳ್ಳುವುದಿಲ್ಲ. ಗುಂಡಿನ ಹೊಟ್ಟೆಗೆ ಒತ್ತಾಗಿ, ತುದಿಗೆ ವಿರಳವಾಗಿ. "ತುದೀಲಿ ತಿರುಗೋದು, ಹೊಟ್ಟೇಲಿ ರುಬ್ಬೋದು" ಅಂದರು. ಕೂಲಿ ಕೇಳಿದಷ್ಟೇ ಕೊಟ್ಟು, ಮೇಲೆ ಊಟ ಹಾಕಿದೆ. ಅವರ ಮಗಳು ಈ ಕೆಲಸ ಕಲಿತಿಲ್ಲ, ಗಾರ್ಮೆಂಟ್ಸಿಗೆ ಹೋಗುತ್ತಾಳಂತೆ.

ಕುಟ್ಟಿದ ಮೇಲೆ ಕಲ್ಲಿನ ಪುಡಿ ಹೋಗುವವರೆಗೆ ಅಕ್ಕಿ, ಕಲ್ಲುಪ್ಪು, ನೀರು ಹಾಕಿ ರುಬ್ಬಿ ಚೆಲ್ಲಬೇಕು. ತೊಳೆದ ನೀರನ್ನು ಬಿಳಿ ತಟ್ಟೆಯಲ್ಲಿ ನಿಲ್ಲಿಸಿ ನೋಡಿ. ತಳದಲ್ಲಿ ಬೂದು ಕೂತರೆ ಇನ್ನೊಮ್ಮೆ.

ಹಿಟ್ಟು

ಒಂದು ಪಾವು ಗುಂಡುದ್ದು ತೊಳೆದು ನಾಲ್ಕು ಗಂಟೆ ನೆನೆಸಿ, ತಣ್ಣೀರು ಚಿಮುಕಿಸುತ್ತ ಅರ್ಧ ಗಂಟೆ ರುಬ್ಬಿದೆ. ಮೊದಲು ತರಿತರಿ, ಆಮೇಲೆ ಹಿಟ್ಟು ಗುಂಡಿಗೆ ಅಂಟಿ ಮೇಲೇರತೊಡಗುತ್ತದೆ, ಕೊನೆಗೆ ಉಬ್ಬಿ ಒರಳಿನ ಅಂಚಿಗೆ ಬರುತ್ತದೆ. ಒಂದು ಚಿಟಿಕೆ ಹಿಟ್ಟನ್ನು ಬಟ್ಟಲು ನೀರಿಗೆ ಬಿಟ್ಟೆ, ತೇಲಿತು. ಮಿಕ್ಸಿಯ ಬ್ಲೇಡು ನಿಮಿಷಕ್ಕೆ 18,000ದ ಆಸುಪಾಸು ಸುತ್ತಿ ಹಿಟ್ಟನ್ನು ಬಿಸಿ ಮಾಡುತ್ತದೆ. ಕಲ್ಲು ನಿಧಾನಕ್ಕೆ ಅರೆದು, ಗಾಳಿಯನ್ನು ಒಳಗೆ ಮಡಚುತ್ತ ಹೋಗುತ್ತದೆ. ಎರಡು ಪಾವು ಅಕ್ಕಿತರಿ ತೊಳೆದು ಹಿಂಡಿ ಬೆರೆಸಿ, ಉಪ್ಪು ಹಾಕಿ ಕೈಯಲ್ಲೇ ಕಲಸಿ ಮುಚ್ಚಿಟ್ಟೆ. ಬೆಳಿಗ್ಗೆ ಪಾತ್ರೆಯ ಕಂಠಕ್ಕೆ ಬಂದಿತ್ತು. ಇಡ್ಲಿಗೆ ತರಕಾರಿ ಸಾಗು, ಕಾಯಿಚಟ್ನಿ.

ಈ ಹಿಟ್ಟು ನಮ್ಮ ಸಂಘದ ಚರಿತ್ರೆಯಲ್ಲಿ ಎಲ್ಲೂ ದಾಖಲಾಗಿಲ್ಲ, ಇಲ್ಲಿ ಬರೆದಿಡುತ್ತೇನೆ. ಅಧ್ಯಾಪಕರ ಸಂಘದ ಸಭೆಗಳು ಸಂಜೆ ಐದೂವರೆಗೆ. ಆ ಹೊತ್ತಿಗೆ ಅಧ್ಯಾಪಕಿಯರಿಗೆ ಮಕ್ಕಳನ್ನು ಕರೆತರಬೇಕು, ರಾತ್ರಿಯ ಅಡುಗೆ ನೋಡಬೇಕು. ನಾವು ಬರುತ್ತಿರಲಿಲ್ಲ, "ಹೆಂಗಸರಿಗೆ ಆಸಕ್ತಿಯಿಲ್ಲ" ಎಂದು ನಡಾವಳಿ ಮುಗಿಯುತ್ತಿತ್ತು. ಅದಕ್ಕೇ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಸೇರತೊಡಗಿದೆವು. ಮಕ್ಕಳು ಹಿತ್ತಲಲ್ಲಿ, ನಾವು ಅಡುಗೆಮನೆಯಲ್ಲಿ. ಅತ್ತೆಯವರು ಇಡ್ಲಿ ಇಳಿಸುತ್ತ ನಡುವೆ ಬಾಯಿಹಾಕುತ್ತಿದ್ದರು, "ಆ ರಿಜಿಸ್ಟ್ರಾರಿಗೆ ಬರೆಯೋ ಕಾಗದದಲ್ಲಿ ದಯವಿಟ್ಟು ಅಂತ ಎಷ್ಟು ಸಲ ಹಾಕ್ತೀರೇ?" ಹೆರಿಗೆ ರಜೆಯ ಅವಧಿಯನ್ನು ಬಡ್ತಿಯ ಸೇವೆಗೆ ಸೇರಿಸಬೇಕೆಂಬ ಮನವಿ, ಹೆಂಗಸರಿಗೆ ಬೇರೆ ಶೌಚಾಲಯವಿಲ್ಲದ ಬ್ಲಾಕುಗಳ ಪಟ್ಟಿ, ವರ್ಕ್‌ಶಾಪಿನ ಆ ಖರ್ಚಿನ ಲೆಕ್ಕ, ಎಲ್ಲ ಈ ಗ್ರೈಂಡರಿನ ಸದ್ದಿನಲ್ಲೇ ತಯಾರಾದವು. ಶೌಚಾಲಯ ಬಂತು. ಹೆರಿಗೆ ರಜೆಯ ಮನವಿಯೂ ಗೆದ್ದಿತು. ಗೆದ್ದ ದಿನ ಉದ್ದಿನ ವಡೆ ಕರಿದೆವು.

ಈಗ ಅತಿಥಿ ಉಪನ್ಯಾಸಕಿಯರು ಕೆಲವರು ಬರುತ್ತಾರೆ, ನನ್ನ ವಿದ್ಯಾರ್ಥಿನಿಯರೇ. 2022ರ ಆರಂಭದಲ್ಲಿ ಸರ್ಕಾರ ಗೌರವಧನ ಹೆಚ್ಚಿಸಿತು, ಜೊತೆಗೇ ವಾರದ ಪಾಠದ ಹೊರೆ 15 ಗಂಟೆಗೆ ಏರಿತು. ಒಬ್ಬರಿಗೆ ಹೆಚ್ಚು ಗಂಟೆ ಸಿಕ್ಕಿದಲ್ಲಿ ಇನ್ನೊಬ್ಬರಿಗೆ ಕೆಲಸವೇ ಹೋಯಿತು. ಖಾಯಂ ಅಧ್ಯಾಪಕರು ಇವರ ಧರಣಿಯ ಪಕ್ಕ ಕೂರಬೇಕೆಂದು ನಾನು ಹೋದ ಕಡೆಯೆಲ್ಲ ಹೇಳುತ್ತೇನೆ. ನಮಗೆ ಸಿಕ್ಕ ಶ್ರೇಣಿ ಯಾರೂ ಕರೆದು ಕೊಟ್ಟದ್ದಲ್ಲ.

ಉಳಿದ ಕೆಲಸ: ಒರಳು ಬಗ್ಗಿಸುವ ಹಿಡಿಯ ಪಿನ್ನು ಸವೆದಿದೆ, ಮೇಸ್ತ್ರಿಗಳು ಹೊಸದು ತಿರುವಿ ಕೊಡುತ್ತೇನೆ ಅಂದಿದ್ದಾರೆ. ಗುಂಡು ಹಿಡಿಯುವ ತೋಳಿನ ಬುಶ್ ಇನ್ನೊಂದಷ್ಟು ಕಾಲ ನಡೆಯುತ್ತದೆ. ತಗಡಿನ ಒಳಗಡೆ ಪೇಂಟಿನಲ್ಲಿ ಬರೆದಿದ್ದೇನೆ: ಬೆಲ್ಟ್ ಎ-42, ಬೇರಿಂಗ್ 6204-2ಆರ್‌ಎಸ್, ಕಂಡೆನ್ಸರ್ 10 ಎಂಎಫ್‌ಡಿ. ಆ ಹುಡುಗಿಯರ ಕಾಲೇಜಿನ ರೋಟರಿ ಪಂಪು ಬಹಳ ದಿನದಿಂದ ಮೂಲೆ ಸೇರಿದೆಯಂತೆ, ಗುಂಯ್ ಅಂದು ನಿಲ್ಲುತ್ತದಂತೆ. ಪ್ರಿನ್ಸಿಪಾಲರ ಅನುಮತಿ ಪಡೆದು ಭಾನುವಾರ ಮೋಟರನ್ನು ಇಲ್ಲಿಗೇ ತರಲು ಹೇಳಿದ್ದೇನೆ. ಮೇಸ್ತ್ರಿಗಳೂ ಬರುತ್ತಾರೆ. ಉದ್ದನ್ನು ಶನಿವಾರ ಮಧ್ಯಾಹ್ನವೇ ನೆನೆಹಾಕಬೇಕು, ಈ ಸಲ ಎರಡು ಪಾವು.